ಪರೀಕ್ಷೆಯ ಮನೆಯಲ್ಲಿ ಬ್ರೆಡ್ಡಿನ ಸಿಹಿ

ಶಿವಪ್ಪನಾಯಕ ವೃತ್ತದಿಂದ ಗಾಂಧಿ ಬಜಾರಿನೊಳಕ್ಕೆ ಕಾಲಿಟ್ಟವರಿಗೆ ಮೊದಲು ಕಾಣುವುದು ಅಂಗಡಿಗಳೇ. ಬಟ್ಟೆ, ಬಂಗಾರ, ಪಾತ್ರೆ, ದಿನಸಿ, ಹೂವು, ಪೂಜಾಸಾಮಗ್ರಿ ಎಂದು ಸಾಲಾಗಿ ನಿಂತ ಈ ಮಳಿಗೆಗಳ ಹಿಂದೆಯೂ ಮೇಲೆಯೂ ಸಂಸಾರಗಳು ವಾಸವಾಗಿವೆಯೆಂಬುದು ಮದುವೆಯ ಜವಳಿ ಕೊಳ್ಳಲು ಹೊರಊರಿನಿಂದ ಬಂದವರ ಗಮನಕ್ಕೆ ಬಾರದು. ಕೆಳಗೆ ವ್ಯಾಪಾರ, ಮೇಲೆ ಮನೆ. ಮನೆಯ ಕಿಟಕಿ ತೆರೆದರೆ ಬೀದಿಯ ಮಾತೆಲ್ಲ ಒಳಗೆ, ಮುಚ್ಚಿದರೆ ಶಿವಮೊಗ್ಗೆಯ ಮಾರ್ಚ್ ತಿಂಗಳ ಸೆಕೆಯೆಲ್ಲ ಒಳಗೆ. ಇಂಥ ಮನೆಯೊಂದರಲ್ಲಿ ಹತ್ತನೆಯ ತರಗತಿಯ ಮಗುವೊಂದು ಕುಳಿತು ಓದಬೇಕೆಂದರೆ ಅದು ಸಣ್ಣ ತಪಸ್ಸಲ್ಲ. ನಮ್ಮ ಮಗನ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಆ ತಪಸ್ಸು 2024ರಲ್ಲಿ ನಡೆಯಿತು. ಅದು ಹೇಗೆ ಕೆಟ್ಟಿತು, ಮತ್ತೆ ಹೇಗೆ ನೇರ್ಪಟ್ಟಿತು ಎಂಬುದನ್ನು ಹೇಳುವುದರಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಸೇರಿದೆ. ಜೊತೆಗೆ ಒಂದು ಸಿಹಿಯ ತಯಾರಿಕೆಯೂ ಇದೆ. ಗೃಹಿಣಿಯರು ಮೊದಲು ಅದನ್ನೇ ಹುಡುಕುವರೆಂದು ನಾವು ಬಲ್ಲೆವು. ಆದರೂ ಕ್ರಮವಾಗಿ ಬರಲಿ.

ಕೋಟೆ ಶ್ರೀ ಮಾರಿಕಾಂಬಾ ದೇವಿಯ ಜಾತ್ರೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಮೊದಲ ದಿನ ದೇವಿಯನ್ನು ಗಾಂಧಿ ಬಜಾರಿನ ತವರುಮನೆಯಲ್ಲಿ ಕೂರಿಸಿ, ಬಳಿಕ ಮೆರವಣಿಗೆಯಲ್ಲಿ ಕೋಟೆ ರಸ್ತೆಯ ಗದ್ದಿಗೆಗೆ ಕರೆದೊಯ್ಯುವುದು ರೂಢಿ. ಆದ್ದರಿಂದ ಜಾತ್ರೆ ಊರಿಗೆಲ್ಲ ಸೇರಿದ್ದಾದರೂ ಅದರ ಮೊದಲ ಮಂಗಳವಾರ ನಮ್ಮ ಬೀದಿಯ ಪಾಲಿನದು. 2024ರಲ್ಲಿ ಆ ಮಂಗಳವಾರ ಮಾರ್ಚ್ 12ರಂದು ಬಂದಿತು, ಎಸ್.ಎಸ್.ಎಲ್.ಸಿ. ಪರೀಕ್ಷೆ ಆರಂಭವಾದದ್ದು ಮಾರ್ಚ್ 25ರಂದು, ಹೋಳಿ ಹುಣ್ಣಿಮೆಯ ದಿನ. ನಡುವೆ ಉಳಿದದ್ದು ಹದಿಮೂರು ದಿನ. ಜಾತ್ರೆಗೆ ಬಂದ ನೆಂಟರಲ್ಲಿ ಕೆಲವರು ಆ ಹದಿಮೂರರಲ್ಲಿಯೂ ನಾಲ್ಕನ್ನು ನಮ್ಮ ಮನೆಯಲ್ಲೇ ಕಳೆದರು. ಅತಿಥಿಗಳನ್ನು ಏಳಿರೆನ್ನುವುದು ನಮ್ಮ ಮನೆತನದಲ್ಲಿ ಇಲ್ಲ. ಆದರೆ ಬಂದವರೆಲ್ಲರೂ ನಮ್ಮ ಮೊಮ್ಮಗಳನ್ನು ನಿಲ್ಲಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ತೆಗೀತೀಯವ್ವಾ?" ಅವಳ ಪರವಾಗಿ ಉತ್ತರ ಕೊಟ್ಟವರು ನಾವು. "ಆರುನೂರಕ್ಕೆ ಕಡಿಮೆ ಇಲ್ಲ" ಎಂದು ಒಬ್ಬರಿಗೆ ಹೇಳಿದೆವು, ಅದು ಇಬ್ಬರಿಗಾಯಿತು, ಕೆಳಗಿನ ಅಂಗಡಿಗೆ ಬಂದ ಗಿರಾಕಿಗಳ ತನಕವೂ ಹೋಯಿತು. 625 ಅಂಕಗಳ ಪರೀಕ್ಷೆಯಲ್ಲಿ ಮಗು ಇನ್ನೂ ಲೇಖನಿಯನ್ನೇ ಎತ್ತಿರಲಿಲ್ಲ.

ನಾವು ಮಠದಲ್ಲಿ ಓದಿ ಬೆಳೆದವರು. ಬೆಳಗಿನ ಜಾವ ನಾಲ್ಕೂವರೆಗೆ ಗಂಟೆ ಬಾರಿಸಿದರೆ ಎದ್ದು, ತಣ್ಣೀರಿನಲ್ಲಿ ಮಿಂದು, ಕೇಶಿರಾಜನ ಸೂತ್ರಗಳನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಶಾಲೆಯ ಪುಸ್ತಕ ಹಿಡಿದವರು. ಆ ಶಿಸ್ತು ನಮಗೆ ಅನ್ನ ಕೊಟ್ಟಿತು ಎಂಬ ಅಭಿಮಾನದಿಂದ ಅದನ್ನೇ ಮೊಮ್ಮಗಳ ಮೇಲೆ ಹೊರಿಸಿದೆವು. ನಾಲ್ಕೂವರೆಗೆ ಎಬ್ಬಿಸಿದೆವು. ಆದರೆ ನಮ್ಮ ಮಠದಲ್ಲಿ ರಾತ್ರಿ ಎಂಟೂವರೆಗೆ ದೀಪ ಆರುತ್ತಿತ್ತು, ಗಾಂಧಿ ಬಜಾರಿನಲ್ಲಿ ಹನ್ನೊಂದಾದರೂ ಆರುವುದಿಲ್ಲ ಎಂಬ ಸರಳ ಲೆಕ್ಕವನ್ನು ನಾವು ಹಾಕಲಿಲ್ಲ. ಹದಿಮೂರರಿಂದ ಹದಿನೆಂಟರ ವಯಸ್ಸಿನ ಮಕ್ಕಳಿಗೆ 8ರಿಂದ 10 ಗಂಟೆಯ ನಿದ್ರೆ ಬೇಕೆಂದು ನಿದ್ರಾವೈದ್ಯರು ಹೇಳುತ್ತಾರೆ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ಬಹುಮಟ್ಟಿಗೆ ಆ ನಿದ್ರೆಯಲ್ಲಿಯೇ. ನಮ್ಮ ಹುಡುಗಿಗೆ ದಕ್ಕಿದ್ದು ಐದು ಗಂಟೆ.

ಗಣಿತ ಅವಳಿಗೆ ಮೊದಲಿನಿಂದಲೂ ಹಿಡಿತಕ್ಕೆ ಸಿಕ್ಕಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅವಳು ಏಳನೆಯ ತರಗತಿಗೆ ಬಂದಾಗ ಕೊರೊನಾ. 2020-21ರ ಆ ವರ್ಷ ಶಾಲೆಯೆಂದರೆ ತಂದೆಯ ಮೊಬೈಲಿನ ಅಂಗೈಯಗಲದ ತೆರೆ. ಎಂಟನೆಯ ತರಗತಿಯ ಆರಂಭವೂ ಹಾಗೆಯೇ. ಬೀಜಗಣಿತದ ಬುನಾದಿ ಬೀಳುವ ಕಾಲದಲ್ಲಿ ಬುನಾದಿಯ ಕಲ್ಲೇ ಬಿದ್ದಿರಲಿಲ್ಲ. ಇದು ಅವಳೊಬ್ಬಳ ಕತೆಯಲ್ಲ, ಆ ವಯಸ್ಸಿನ ಅನೇಕ ಮಕ್ಕಳದು. ನಮಗೆ ಇದು ತಿಳಿಯದ್ದೇನಲ್ಲ. ತಿಳಿದೂ ಸೋಮಾರಿತನವೆಂದು ಕರೆದೆವು.

ಪರೀಕ್ಷೆ ಏಪ್ರಿಲ್ 6ರವರೆಗೆ ನಡೆಯಿತು. ಕೇಂದ್ರದ ಕೊಠಡಿಗಳಲ್ಲಿ ಆ ವರ್ಷ ಮೊದಲ ಬಾರಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ದರು. ನಕಲು ತಡೆಯಲು ಅದು ಒಳ್ಳೆಯದೇ; ಆದರೆ ಮೊದಲೇ ಹೆದರಿದ ಮಗುವಿಗೆ ತಲೆಯ ಮೇಲೊಂದು ಕಣ್ಣು ಹೆಚ್ಚಾಯಿತು. ಪ್ರತಿದಿನ ಮಧ್ಯಾಹ್ನ ಅವಳು ಮೆಟ್ಟಿಲು ಹತ್ತಿ ಬರುವಾಗ ನಾವು ಪ್ರಶ್ನೆಪತ್ರಿಕೆಯನ್ನು ಕೈಯಿಂದ ಕಸಿದುಕೊಂಡೇ "ಇದಕ್ಕೇನು ಬರೆದೆ?" ಎಂದು ಆರಂಭಿಸುತ್ತಿದ್ದೆವು. ಮುಗಿದ ಪತ್ರಿಕೆಯ ಶವಪರೀಕ್ಷೆ ಮಾಡಿದರೆ ಅದು ಜೀವ ಪಡೆಯುವುದಿಲ್ಲ, ನಾಳಿನ ಪತ್ರಿಕೆಗೆ ಮಾತ್ರ ರೋಗ ತಗಲುತ್ತದೆ. ಗಣಿತದ ದಿನ ಅವಳು ಪತ್ರಿಕೆಯನ್ನು ನಮಗೆ ಕೊಡಲೇ ಇಲ್ಲ. "ಬಸ್ಸಿನಲ್ಲಿ ಬಿದ್ದುಹೋಯ್ತು ಅಜ್ಜ" ಎಂದಳು. ನಾವು ನಂಬಿದೆವು.

ಫಲಿತಾಂಶ ಮೇ 9ರ ಗುರುವಾರ ಬಂದಿತು. ಮರುದಿನ ಬಸವ ಜಯಂತಿ. ಅಡುಗೆಮನೆಯಲ್ಲಿ ಹೋಳಿಗೆಯ ಕಡಲೆಬೇಳೆ ಆರಿಸುತ್ತಿದ್ದರು. ರಾಜ್ಯದ ಒಟ್ಟು ಫಲಿತಾಂಶ ಹಿಂದಿನ ವರ್ಷಕ್ಕಿಂತ ಕುಸಿದು ಶೇಕಡ 73.40ಕ್ಕೆ ನಿಂತಿತ್ತು, ಕೃಪಾಂಕವನ್ನು ಹೆಚ್ಚಿಸಿಯೂ ಅಷ್ಟೇ. ನಮ್ಮ ಶಿವಮೊಗ್ಗ ಜಿಲ್ಲೆ ಮಾತ್ರ ಉಡುಪಿ, ದಕ್ಷಿಣ ಕನ್ನಡಗಳ ನಂತರ ಮೂರನೆಯ ಸ್ಥಾನದಲ್ಲಿ ಶೇಕಡ 88.67 ಪಡೆದಿತ್ತು. ಬಾಗಲಕೋಟೆ ಜಿಲ್ಲೆಯ ಸರಕಾರಿ ವಸತಿ ಶಾಲೆಯ ಬಾಲಿಕೆಯೊಬ್ಬಳು 625ಕ್ಕೆ 625 ಅಂಕ ಗಳಿಸಿದ್ದಳೆಂಬ ಸುದ್ದಿ ದೂರದರ್ಶನದಲ್ಲಿ ಬರುತ್ತಿತ್ತು. ಮಗ ಕೆಳಗಿನಿಂದ ಮೊಬೈಲು ಹಿಡಿದು ಮೇಲೆ ಬಂದ. ಅವನ ಮುಖವೇ ಹೇಳಿತು. ಐದು ವಿಷಯಗಳಲ್ಲಿ ತೇರ್ಗಡೆ, ಗಣಿತದಲ್ಲಿ ಇಲ್ಲ.

ಆಗ ನಾವಾಡಿದ ಮಾತನ್ನು ಇಲ್ಲಿ ಪೂರ್ತಿಯಾಗಿ ಬರೆಯಲು ನಾಚಿಕೆಯಾಗುತ್ತದೆ. ಮನೆತನ, ಮರ್ಯಾದೆ, ನಾಳೆ ಜಯಂತಿಯ ಮೆರವಣಿಗೆಯಲ್ಲಿ ನಾಲ್ಕು ಜನರ ಮುಖ ನೋಡುವುದು ಹೇಗೆ ಎಂಬ ಪದಗಳು ಅದರಲ್ಲಿದ್ದವು. ದೂರದರ್ಶನದ ಆ ಬಾಲಿಕೆಯನ್ನೂ ಎಳೆದು ತಂದೆವು. ಹುಡುಗಿ ಅಳಲಿಲ್ಲ. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳದೆ ಬಾಗಿಲು ಹಾಕಿಕೊಳ್ಳುವ ಮಕ್ಕಳ ವಿಷಯದಲ್ಲಿ ಎಷ್ಟು ಎಚ್ಚರವಿರಬೇಕೆಂಬುದು ಪ್ರತಿವರ್ಷ ಫಲಿತಾಂಶದ ವಾರದ ಪತ್ರಿಕೆಗಳನ್ನು ಓದುವ ಎಲ್ಲರಿಗೂ ಗೊತ್ತು. ನಮಗೂ ಗೊತ್ತಿತ್ತು. ಆ ಕ್ಷಣದಲ್ಲಿ ನೆನಪಾದದ್ದು ನಮಗಲ್ಲ, ನಮ್ಮ ಸೊಸೆಗೆ.

ಸೊಸೆ ಕಲಬುರಗಿಯ ಕಡೆಯವಳು. ಮಾತು ಕಡಿಮೆ. ಅವಳು ಮೊದಲು ಒಳಕೋಣೆಯ ಬಾಗಿಲು ತಟ್ಟಿ, "ಚಿಲಕ ತೆಗಿ, ಬಾಗಲಾ ಮುಂದ ಮಾಡ್ಕೊ, ಮಕ್ಕೋ, ಯಾರೂ ಒಳಗ ಬರಂಗಿಲ್ಲ" ಎಂದಳು. ಚಿಲಕ ತೆಗೆದ ಸದ್ದು ಕೇಳುವವರೆಗೆ ಅಲ್ಲಿಯೇ ನಿಂತಿದ್ದಳು. ಅನಂತರ ಚಿಕ್ಕ ಮೊಮ್ಮಗನನ್ನು ಕರೆದು ಬೇಕರಿಯಿಂದ ಬ್ರೆಡ್ ತರಲು ಕಳುಹಿಸಿದಳು. "ನಿನ್ನಿದು ಕೇಳು, ಇವತ್ತಿಂದು ಬ್ಯಾಡ" ಎಂದು ಎರಡು ಸಲ ಹೇಳಿದಳು. ನಮಗೆ ಅರ್ಥವಾಗಲಿಲ್ಲ. ಏನು ಮಾಡುತ್ತೀಯೆಂದು ಕೇಳಿದರೆ, ಸಿಹಿ ಎಂದಳು. ಇಂಥ ದಿನ ಸಿಹಿಯೇ ಎಂದು ನಾವು ದನಿ ಏರಿಸಿದೆವು.

"ಫೇಲಾದ್ರ ಹೊಟ್ಟಿ ಹಸಿಯಂಗಿಲ್ಲೇನ್ರಿ ಮಾವಾರ?" ಎಂದಳು. ತಿರುಗಿ ನೋಡದೆ ಹಾಲಿನ ಪಾತ್ರೆಯನ್ನು ಒಲೆಗಿಟ್ಟಳು.

ಬ್ರೆಡ್ಡು ಎಂಬ ವಸ್ತುವಿನ ಬಗ್ಗೆ ನಮಗೆ ಹಳೆಯ ನೆನಪೊಂದಿದೆ. ನಮ್ಮ ಬಾಲ್ಯದಲ್ಲಿ ಅದು ತಿಂಡಿಯಾಗಿರಲಿಲ್ಲ, ಪಥ್ಯವಾಗಿತ್ತು. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುವ ಪದಾರ್ಥ. ಮಠದ ಪ್ರಸಾದನಿಲಯದಲ್ಲಿ ಇನ್ನೂರು ಹುಡುಗರಿಗೆ ಮುದ್ದೆ, ಅನ್ನ, ಸಾರು ದಿನವೂ ಬೇಯುತ್ತಿದ್ದವು. ಬ್ರೆಡ್ಡು ಬರುತ್ತಿದ್ದುದು ಯಾರಾದರೂ ಹಾಸಿಗೆ ಹಿಡಿದಾಗ ಮಾತ್ರ. ಆದ್ದರಿಂದ ಬ್ರೆಡ್ಡಿನ ವಾಸನೆಯೆಂದರೆ ನಮಗೆ ಇಂದಿಗೂ ಜ್ವರದ ವಾಸನೆ. 1976ರಲ್ಲಿ ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯ ನಡುವೆ ನಮಗೆ ಜ್ವರ ಬಂದಿತು. ನಾಳೆ ಗಣಿತ. ಅಡುಗೆಯ ಅಯ್ಯನವರು ರಾತ್ರಿ ಒಂದು ಬಟ್ಟಲಿನಲ್ಲಿ ಬ್ರೆಡ್ಡು, ಹಾಲು, ಬೆಲ್ಲ ಕಲಸಿ ತಂದು ತಲೆದೆಸೆಯಲ್ಲಿ ಕುಳಿತರು. ಓದಿದೆಯಾ ಎಂದು ಕೇಳಲಿಲ್ಲ. "ತಿನ್ನು, ಮಲಗು, ಬೆಳಿಗ್ಗೆ ನಾನೇ ಎಬ್ಬಿಸ್ತೀನಿ" ಎಂದಷ್ಟೇ ಹೇಳಿದರು. ಮರುದಿನ ಪರೀಕ್ಷೆ ಬರೆದೆವು. ಗಣಿತದಲ್ಲಿ ನಮಗೆ ಬಂದ ಅಂಕ ಮೂವತ್ತೇಳು. ಇದನ್ನು ಮಕ್ಕಳಿಗಾಗಲಿ ಮೊಮ್ಮಕ್ಕಳಿಗಾಗಲಿ ನಾವು ಎಂದೂ ಹೇಳಿರಲಿಲ್ಲ. ಒಲೆಯ ಮೇಲೆ ಹಾಲು ಕುದಿಯುವ ವಾಸನೆಯೂ ತುಪ್ಪದಲ್ಲಿ ಬ್ರೆಡ್ಡು ಕೆಂಪಾಗುವ ವಾಸನೆಯೂ ಕೂಡಿ ಬಂದಾಗ ಆ ಮೂವತ್ತೇಳು ನೆನಪಾಯಿತು.

ಈ ಸಿಹಿ ಸೊಸೆಯ ತವರಿನ ಸೀಮೆಯದು. ಕಲಬುರಗಿ, ಬೀದರ, ರಾಯಚೂರುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮೊಡನೆ ಕೂಡಿದವು. ಹೈದರಾಬಾದಿನ 'ಡಬಲ್ ಕಾ ಮೀಠಾ' ಆ ನಾಡಿನ ಮದುವೆಮನೆಗಳಿಗೆಲ್ಲ ಪರಿಚಿತ. ಬ್ರೆಡ್ಡಿಗೆ ಅಲ್ಲಿ 'ಡಬಲ್ ರೋಟಿ' ಎಂಬ ಹೆಸರು. ಹುಳಿ ಬಂದು ಇಮ್ಮಡಿಯಾಗಿ ಉಬ್ಬುವುದರಿಂದ ಹಾಗೆ ಕರೆದರೆನ್ನುತ್ತಾರೆ. ಉತ್ತರದ ಲಖನೌ ಕಡೆ ಇದರ ದಾಯಾದಿಯಾದ 'ಶಾಹಿ ಟುಕಡಾ' ಇದೆ. ಒಣಗಿದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಸಿಹಿ ಮಾಡುವುದು ಲೋಕದಲ್ಲೆಲ್ಲ ಇದೆ. ಆಂಗ್ಲರ ಪುಡ್ಡಿಂಗ್, ಈಜಿಪ್ಟಿನ 'ಉಮ್ಮ್ ಅಲಿ' ಎಲ್ಲವೂ ಇದೇ ಕುಲ. ಫ್ರೆಂಚರು ಇಂಥದ್ದೊಂದು ತಿನಿಸನ್ನು 'ಪೇನ್ ಪೆರ್ದು' ಎಂದು ಕರೆಯುತ್ತಾರೆ. ಅಂದರೆ 'ಕಳೆದುಹೋದ ರೊಟ್ಟಿ'. ಮೊಟ್ಟೆ ಹಾಕುವುದು ಅವರ ಪದ್ಧತಿ. ನಮ್ಮ ಮನೆಗಳಿಗೆ ಅದು ಸಲ್ಲದು, ಈ ಸಿಹಿಗೆ ಅದರ ಅಗತ್ಯವೂ ಇಲ್ಲ. ಬ್ರೆಡ್ಡಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ನೋಡಿಕೊಂಡರೆ ಸಾಕು.

ಇನ್ನು ತಯಾರಿಕೆ. ಐದಾರು ಜನರಿಗೆ ಎಂಟು ಹೋಳು ಬ್ರೆಡ್ಡು, ಮುಕ್ಕಾಲು ಲೀಟರ್ ಗಟ್ಟಿ ಹಾಲು, 150 ಗ್ರಾಂ ಸಕ್ಕರೆ, 60 ಗ್ರಾಂನಷ್ಟು ತುಪ್ಪ, ಐದು ಏಲಕ್ಕಿ, ನಾಲ್ಕೆಳೆ ಕೇಸರಿ, ಒಂದು ಹಿಡಿ ಗೋಡಂಬಿ ಮತ್ತು ಒಣದ್ರಾಕ್ಷಿ ಬೇಕು. ಬ್ರೆಡ್ಡು ನಿನ್ನೆಯದಾಗಿರಬೇಕು. ಇದು ಜಿಪುಣತನದ ಮಾತಲ್ಲ. ಹೊಸ ಬ್ರೆಡ್ಡಿನಲ್ಲಿ ತೇವ ಹೆಚ್ಚು. ಕಾವಲಿಯ ಮೇಲೆ ಬೇಗ ಗರಿಯಾಗದೆ ತುಪ್ಪವನ್ನೆಲ್ಲ ಹೀರುತ್ತದೆ, ಹಾಲಿಗೆ ಬಿದ್ದೊಡನೆ ಅಂಬಲಿಯಾಗುತ್ತದೆ. ದಿನ ಕಳೆದ ಬ್ರೆಡ್ಡಿನ ಪಿಷ್ಟ ಮರಳಿ ಬಿಗಿದುಕೊಂಡಿರುವುದರಿಂದ ಆಕಾರ ಕೆಡದೆ ಹಾಲು ಕುಡಿಯುತ್ತದೆ. ಆ ಬಿಗಿತ ಶೀತಕಪೆಟ್ಟಿಗೆಯಲ್ಲಿ ಇನ್ನೂ ಬೇಗ ಬರುತ್ತದೆ. ತಿನ್ನುವ ಬ್ರೆಡ್ಡನ್ನು ಅಲ್ಲಿಡಬಾರದೆನ್ನುವುದಕ್ಕೂ ಇದೇ ಕಾರಣ. ಆದರೆ ಹಳೆಯದು ಬೇರೆ, ಕೆಟ್ಟದ್ದು ಬೇರೆ. ಒಂದು ಹೋಳಿನ ಮೂಲೆಯಲ್ಲಿ ಹಸಿರು ಬೂಷ್ಟು ಕಂಡರೂ ಇಡೀ ಪೊಟ್ಟಣವನ್ನು ಎಸೆಯಬೇಕು; ಕಣ್ಣಿಗೆ ಕಾಣದ ಎಳೆಗಳು ಉಳಿದ ಹೋಳುಗಳಲ್ಲಿಯೂ ಹರಡಿರುತ್ತವೆ.

ಹಾಲನ್ನು ಅಗಲವಾದ ದಪ್ಪತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ತಳ ಹಿಡಿಯದಂತೆ ಕೈಯಾಡಿಸುತ್ತ, ಅಂಚಿಗೆ ಕಟ್ಟುವ ಕೆನೆಯನ್ನು ಒಳಕ್ಕೆ ತಳ್ಳುತ್ತ, ಅರ್ಧದಷ್ಟಾಗುವವರೆಗೆ ಕಾಯಿಸಬೇಕು. ಅರ್ಧ ಗಂಟೆ ಹಿಡಿಯುತ್ತದೆ. ಅವಸರವಾದವರು ಈ ಸಿಹಿಯ ತಂಟೆಗೆ ಹೋಗದಿರುವುದೇ ಲೇಸು. ಕೇಸರಿಯನ್ನು ಒಂದು ಚಮಚ ಬಿಸಿ ಹಾಲಿನಲ್ಲಿ ನೆನೆಸಿ ಇದಕ್ಕೆ ಬೆರೆಸುವುದು. ಇನ್ನೊಂದೆಡೆ ಸಕ್ಕರೆಗೆ ಅದರ ಸಮತೂಕ ನೀರು ಹಾಕಿ ಐದು ನಿಮಿಷ ಕುದಿಸಿದರೆ ಬೆರಳಿಗೆ ಅಂಟುವ ಪಾಕವಾಗುತ್ತದೆ. ಎಳೆ ಬರಬಾರದು, ಎಳೆ ಬಂದ ಪಾಕ ಬ್ರೆಡ್ಡಿನೊಳಗೆ ಇಳಿಯುವುದಿಲ್ಲ, ಆರಿದ ಮೇಲೆ ಹರಳುಗಟ್ಟುತ್ತದೆ. ಏಲಕ್ಕಿ ಪುಡಿ ಪಾಕಕ್ಕೆ ಬೀಳಲಿ.

ಬ್ರೆಡ್ಡಿನ ಅಂಚು ತೆಗೆದು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಹದಿನಾರು ತ್ರಿಕೋನಗಳಾದವು. ಹೈದರಾಬಾದಿನವರು ಇವನ್ನು ತುಪ್ಪದಲ್ಲಿ ಮುಳುಗಿಸಿ ಕರಿಯುತ್ತಾರೆ. ನಮ್ಮ ಸೊಸೆ ಕಾವಲಿಯ ಮೇಲೆ ತುಪ್ಪ ಸವರಿ, ಎರಡೂ ಮಗ್ಗುಲು ಹೊಂಬಣ್ಣಕ್ಕೆ ಬರುವಂತೆ ಸಣ್ಣ ಉರಿಯಲ್ಲಿ ಸುಡುತ್ತಾಳೆ. ತುಪ್ಪ ಮೂರರಲ್ಲೊಂದು ಪಾಲು ಸಾಕಾಗುತ್ತದೆ, ಒಳಗಿನವರೆಗೂ ಗರಿಯಾಗುತ್ತದೆ. ನಡುವೆ ಮೆತ್ತಗುಳಿದರೆ ಅಲ್ಲಿಂದಲೇ ಒಡೆಯುವುದೆಂದು ತಿಳಿಯಬೇಕು. ಸುಟ್ಟ ತ್ರಿಕೋನಗಳನ್ನು ಬೆಚ್ಚಗಿನ ಪಾಕದಲ್ಲಿ ಒಂದೆರಡು ಕ್ಷಣ ಅದ್ದಿ ತೆಗೆದು, ಅಗಲ ಪಾತ್ರೆಯಲ್ಲಿ ಒಂದಕ್ಕೊಂದು ಒರಗಿಸಿ ಜೋಡಿಸಿ, ಕಾಯಿಸಿದ ಹಾಲನ್ನು ಮೇಲೆ ಸುರಿದು, ಮುಚ್ಚಳ ಮುಚ್ಚಿ ಅತಿ ಸಣ್ಣ ಉರಿಯಲ್ಲಿ ಐದು ನಿಮಿಷ ಇಡುವುದು. ಬಳಿಕ ಒಲೆ ಆರಿಸಿ ಅರ್ಧ ಗಂಟೆ ಮುಟ್ಟಬಾರದು. ತುಪ್ಪದಲ್ಲಿ ಹುರಿದ ಗೋಡಂಬಿ, ದ್ರಾಕ್ಷಿ ಕೊನೆಗೆ. ತೆಗೆದ ಅಂಚುಗಳನ್ನು ಬಿಸಾಡದೆ ಬೆಚ್ಚಗಿನ ಕಾವಲಿಯಲ್ಲಿ ಒಣಗಿಸಿ ಪುಡಿ ಮಾಡಿದರೆ ಪಲ್ಯದ ಮೇಲೆ ಉದುರಿಸಲು ಬರುತ್ತದೆ. ಅನ್ನದ ಅಗುಳನ್ನೂ ಚೆಲ್ಲದ ಮಠದಲ್ಲಿ ಬೆಳೆದ ನಮಗೆ ಈ ಪುಡಿಯ ಮೇಲೆ ವಿಶೇಷ ಪ್ರೀತಿ.

ನಮ್ಮ ಮನೆಯವರು ಮಲೆನಾಡಿನವರು; ಅವರ ಕೈಯಲ್ಲಿ ಸಕ್ಕರೆಯ ಜಾಗಕ್ಕೆ ಜೋನಿ ಬೆಲ್ಲ ಬರುತ್ತದೆ. ಬಣ್ಣ ಕಪ್ಪಾದರೂ ರುಚಿ ಗಂಭೀರ. ಒಂದು ಎಚ್ಚರ ಬೇಕು: ಬೆಲ್ಲದಲ್ಲಿ ಸ್ವಲ್ಪ ಹುಳಿಯಂಶವಿರುವುದರಿಂದ ಕುದಿಯುವ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಬೆಲ್ಲವನ್ನು ಪ್ರತ್ಯೇಕವಾಗಿ ಕುದಿಸಿ ಸೋಸಿ, ಹಾಲನ್ನು ಉಗುರುಬೆಚ್ಚಗಾಗಲು ಬಿಟ್ಟು, ಒಲೆಯಿಂದ ಇಳಿಸಿದ ಮೇಲೆಯೇ ಕೂಡಿಸಬೇಕು. ಆಮೇಲೆ ಮತ್ತೆ ಕುದಿಸುವಂತಿಲ್ಲ.

ಆ ಸಂಜೆ ಐದಕ್ಕೆ ಸೊಸೆ ಮೊದಲ ಬಟ್ಟಲನ್ನು ಒಳಕೋಣೆಗೆ ಒಯ್ದಳು. ಎರಡನೆಯದನ್ನು ನಮ್ಮ ಮುಂದಿಟ್ಟು, ನೀವೂ ಒಳಗೆ ಹೋಗಿ ತಿನ್ನಿ ಎಂಬಂತೆ ಬಾಗಿಲ ಕಡೆ ನೋಡಿದಳು. ನಾವು ಹೋಗಿ ಹಾಸಿಗೆಯ ಅಂಚಿಗೆ ಕುಳಿತೆವು. ಹೇಳಲು ಬೇರೇನೂ ತೋಚದೆ ಆ ಮೂವತ್ತೇಳು ಅಂಕದ ಕತೆಯನ್ನು ಹೇಳಿದೆವು. ಬಹಳ ಹೊತ್ತಿನ ನಂತರ ಮೊಮ್ಮಗಳು ಕೇಳಿದಳು: "ಜ್ವರ ಇಲ್ದಿದ್ರೆ ಎಷ್ಟು ಬರ್ತಿತ್ತು ಅಜ್ಜ?" ನಲವತ್ತು ಬರುತ್ತಿತ್ತೇನೋ ಎಂದೆವು. ಅವಳು ನಕ್ಕಳು. ನಗುವಿನ ಹಿಂದೆಯೇ ಅಳುವೂ ಬಂದಿತು. ಪ್ರಶ್ನೆಪತ್ರಿಕೆ ಬಸ್ಸಿನಲ್ಲಿ ಬೀಳಲಿಲ್ಲವೆಂಬುದನ್ನೂ, ಎರಡನೆಯ ಪ್ರಶ್ನೆಯಲ್ಲಿಯೇ ಕೈ ನಡುಗಿ ಮುಂದಿನ ಪುಟಗಳು ಖಾಲಿ ಉಳಿದವೆಂಬುದನ್ನೂ ಆಗ ಹೇಳಿದಳು. ಮರುದಿನ ಜಯಂತಿಗೆ ಹೋಳಿಗೆ ಆಯಿತು. ಮೆರವಣಿಗೆಯಲ್ಲಿ ಕೇಳಿದವರಿಗೆ, ಗಣಿತ ಉಳಿದಿದೆ, ಜೂನಿನಲ್ಲಿ ಬರೆಯುತ್ತಾಳೆ ಎಂದು ನಾವೇ ಹೇಳಿದೆವು. ಕೇಳಿದವರಲ್ಲಿ ಅರ್ಧ ಜನ ತಮ್ಮ ಮನೆಯದೂ ಅದೇ ಕತೆಯೆಂದರು.

ಆ ವರ್ಷದ ಪದ್ಧತಿಯ ಬಗ್ಗೆ ಅನೇಕ ಪೋಷಕರಿಗೆ ಆಗಿನ್ನೂ ಸರಿಯಾದ ತಿಳಿವಳಿಕೆ ಇರಲಿಲ್ಲ. ಹಿಂದಿನ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯೂ ಪದವಿಪೂರ್ವ ಪರೀಕ್ಷೆಯ ವಿಭಾಗವೂ 2022ರಲ್ಲಿ ಕೂಡಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಾಯಿತು. ಆ ಮಂಡಳಿ 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ವ್ಯವಸ್ಥೆ ತಂದಿತು. 'ಸಪ್ಲಿಮೆಂಟರಿ' ಎಂಬ ಅವಮಾನದ ಹೆಸರು ಹೋಗಿ ಪರೀಕ್ಷೆ-1, 2, 3 ಎಂಬ ಎಣಿಕೆ ಬಂತು. ವಿಷಯವಾರು ಹೆಚ್ಚಿನ ಅಂಕವನ್ನೇ ಉಳಿಸಿಕೊಳ್ಳಲು ಅವಕಾಶವಾಯಿತು. ಇದರಿಂದ ಪರೀಕ್ಷೆಯ ಬೆಲೆ ಇಳಿಯಿತೆಂದು ಮೂಗು ಮುರಿಯುವ ವಿದ್ವಾಂಸರು ನಮ್ಮ ಗೆಳೆಯರಲ್ಲಿಯೂ ಇದ್ದಾರೆ. ಒಂದು ಮಗುವಿನ ಒಂದು ವರ್ಷದ ಬೆಲೆಯನ್ನು ಅವರು ಯಾವ ತಕ್ಕಡಿಯಲ್ಲಿ ತೂಗುತ್ತಾರೋ ನಾವರಿಯೆವು. ಉತ್ತರಪತ್ರಿಕೆಯ ನಕಲನ್ನು ಶುಲ್ಕ ಕಟ್ಟಿ ತರಿಸಿಕೊಳ್ಳುವ ಅನುಕೂಲವೂ ಇದೆ. ನಾವು ತರಿಸಿದೆವು. ಮರುಮೌಲ್ಯಮಾಪನಕ್ಕಲ್ಲ, ನೋಡುವುದಕ್ಕೆ. ಬರೆದ ಮೂರು ಲೆಕ್ಕಗಳು ಸರಿಯಾಗಿಯೇ ಇದ್ದವು. ತನಗೆ ಗಣಿತವೇ ಬಾರದೆಂದು ನಂಬಿದ್ದ ಹುಡುಗಿ ಆ ಮೂರರ ಪಕ್ಕದ ಕೆಂಪು ಶಾಯಿಯ ಪೂರ್ಣಾಂಕಗಳನ್ನು ಬಹಳ ಹೊತ್ತು ನೋಡಿದಳು.

ಮುಂದಿನ ಐದು ವಾರ ಮನೆಯಲ್ಲಿ ನಿಯಮ ಬದಲಾಯಿತು. ಹತ್ತಕ್ಕೆ ದೀಪ ಆರಿಸುವುದು, ಆರಕ್ಕೆ ಏಳುವುದು. ಓದುವ ಜಾಗವನ್ನು ಬೀದಿಬದಿಯ ಕೋಣೆಯಿಂದ ಹಿಂಬದಿಯ ದೇವರಕೋಣೆಗೆ ಸಾಗಿಸಿದೆವು. ನಮ್ಮ ಪುಸ್ತಕದ ಕಪಾಟು ಹೊರಗೆ ಬಂದಿತು. ಕಲಿಸಲು ಶಾಲೆಯ ಉಪಾಧ್ಯಾಯಿನಿಯೊಬ್ಬರು ಒಪ್ಪಿದರು. ನಮಗೆ ಉಳಿದ ಕೆಲಸ ಕೇಳುವುದು. ಮಠದಲ್ಲಿ ಇದಕ್ಕೆ ಪಾಠ ಒಪ್ಪಿಸುವುದು ಎನ್ನುತ್ತಿದ್ದರು: ಪುಸ್ತಕ ಮುಚ್ಚಿ, ಗುರುಗಳ ಮುಂದೆ ನಿಂತು, ಕಲಿತದ್ದನ್ನು ಹೇಳುವುದು. ಇದು ಬರಿಯ ಬಾಯಿಪಾಠವೆಂದು ಆಧುನಿಕರು ತಿರಸ್ಕರಿಸಿದರು. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್, ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಕೇಳಿದಾಗ ಮುಂದಿದ್ದರು. ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದವರು ಒಂದು ವಾರದ ನಂತರ ಕೇಳಿದಾಗ ಅವರನ್ನು ಬಹುದೂರ ಹಿಂದೆ ಹಾಕಿದರು. ನಮ್ಮ ಗುರುಗಳಿಗೆ ಈ ಪ್ರಯೋಗದ ಸುದ್ದಿ ತಲುಪಿದ್ದರೆ, ಇದಕ್ಕಾಗಿ ಅಷ್ಟು ದೂರ ಹೋಗಬೇಕಿತ್ತೇ ಎನ್ನುತ್ತಿದ್ದರು.

ನಮಗೆ ಗಣಿತ ಬಾರದಿದ್ದುದೇ ಇಲ್ಲಿ ಉಪಕಾರವಾಯಿತು. ಉತ್ತರ ಗೊತ್ತಿರುವವನ ಮುಂದೆ ಮಗು ಮಾತು ನುಂಗುತ್ತದೆ. ಏನೂ ಗೊತ್ತಿಲ್ಲದ ಮುದುಕನಿಗೆ ಪ್ರತಿ ಹೆಜ್ಜೆಯನ್ನೂ ಬಿಡಿಸಿ ಹೇಳಲೇಬೇಕು. ಸಮಾಂತರ ಶ್ರೇಢಿ, ವರ್ಗ ಸಮೀಕರಣ ಎಂದು ದಿನಕ್ಕೊಂದು ಒಪ್ಪಿಸಿದಳು. ಥೇಲ್ಸನ ಪ್ರಮೇಯ ಮಾತ್ರ ನಮ್ಮ ತಲೆಗೆ ಹತ್ತಲಿಲ್ಲ. ಒಂದು ಸಂಜೆ ಅವಳು ಅಡುಗೆಮನೆಯಿಂದ ತ್ರಿಕೋನವಾಗಿ ಕತ್ತರಿಸಿದ ಬ್ರೆಡ್ಡಿನ ಹೋಳನ್ನು ತಂದು, ತಳದ ಅಂಚಿಗೆ ಸಮಾಂತರವಾಗಿ ಚಾಕುವಿನಿಂದ ಗೆರೆ ಎಳೆದು, ಎರಡು ಬದಿಗಳೂ ಒಂದೇ ಪ್ರಮಾಣದಲ್ಲಿ ತುಂಡಾದುದನ್ನು ಅಳತೆಪಟ್ಟಿಯಿಂದ ಅಳೆದು ತೋರಿಸಿದಳು. "ಈಗ ಗೊತ್ತಾಯ್ತಾ ಅಜ್ಜ?" ಎಂದಳು. ಗೊತ್ತಾಯಿತು. ಅರುವತ್ತು ದಾಟಿದ ಮೇಲೆ ಗೊತ್ತಾಯಿತು.

ಪರೀಕ್ಷೆಯ ದಿನಗಳ ಆಹಾರದ ಬಗ್ಗೆ ತಾಯಂದಿರು ಕೇಳುವುದುಂಟು. ಬೆಳಿಗ್ಗೆ ಇಡ್ಲಿ, ಅವಲಕ್ಕಿ, ಅಕ್ಕಿ ರೊಟ್ಟಿ, ಮಗುವಿಗೆ ಒಗ್ಗಿದ ಯಾವುದಾದರೂ ಸರಿ. ಹೊಸ ತಿನಿಸಿನ ಪ್ರಯೋಗ ಅಂದು ಬೇಡ. ಮೇಲೆ ಹೇಳಿದ ಸಿಹಿಯಂಥ ಜಿಡ್ಡಿನ ಪದಾರ್ಥ ಪರೀಕ್ಷೆಗೆ ಹೊರಡುವ ಮುನ್ನ ಕೊಟ್ಟರೆ ತೂಕಡಿಕೆ ಬರುತ್ತದೆ, ರಾತ್ರಿ ಕೊಟ್ಟರೆ ನಿದ್ರೆ ಕೆಡುತ್ತದೆ. ಸಂಜೆಯೇ ಅದರ ಹೊತ್ತು. ನೀರಿನ ಬಾಟಲಿ, ಪ್ರವೇಶಪತ್ರ, ಎರಡು ಲೇಖನಿ ಹಿಂದಿನ ರಾತ್ರಿಯೇ ಚೀಲ ಸೇರಲಿ. ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷದಲ್ಲಿ ಬಲ್ಲ ಪ್ರಶ್ನೆಗಳಿಗೆ ಗುರುತು ಹಾಕಿಕೊಂಡು ಅಲ್ಲಿಂದಲೇ ಬರೆಯಲಾರಂಭಿಸಬೇಕೆಂದು ಉಪಾಧ್ಯಾಯಿನಿ ಹೇಳಿಕೊಟ್ಟದ್ದು ನಮ್ಮ ಹುಡುಗಿಗೆ ಕೈ ನಡುಗದಂತೆ ಮಾಡಿತು. ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬಾರದು, ಚಿಲಕ ಹಾಕಿಕೊಳ್ಳಲು ಬಿಡಬಾರದು. ಮನೆಯವರಿಗೆ ಮಾತು ತೋಚದಾಗ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಈ ಉಚಿತ ಸೇವೆಯಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡುವವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ಈ ಸಂಖ್ಯೆಯನ್ನು ಪಂಚಾಂಗದ ಪಕ್ಕದ ಗೋಡೆಗೆ ನಾವು ಬರೆದಿಟ್ಟುಕೊಂಡದ್ದು ಆ ಮೇ ತಿಂಗಳಲ್ಲಿಯೇ.

ಜೂನ್ 14ರಿಂದ ಎರಡನೆಯ ಪರೀಕ್ಷೆ ಆರಂಭವಾಯಿತು. ಅಷ್ಟರಲ್ಲಿ ಮುಂಗಾರು ಹಿಡಿದಿತ್ತು, ಗಾಂಧಿ ಬಜಾರಿನ ತುಂಬ ಕೊಡೆಗಳು. ಗಣಿತ ಬರೆದು ಬಂದ ದಿನ ಅವಳು ಮೆಟ್ಟಿಲು ಹತ್ತುವಾಗ ನಾವು ಮನಸ್ಸನ್ನು ಬಿಗಿಹಿಡಿದು "ಊಟ ಮಾಡು" ಎಂದಷ್ಟೇ ಅಂದೆವು. ಪ್ರಶ್ನೆಪತ್ರಿಕೆಯನ್ನು ಅವಳೇ ತಂದು ನಮ್ಮ ಮೇಜಿನ ಮೇಲಿಟ್ಟಳು.

ಜುಲೈಯಲ್ಲಿ ಫಲಿತಾಂಶ ಬಂದಿತು. ಗಣಿತದಲ್ಲಿ ಐವತ್ತೆರಡು. ಆ ವರ್ಷವೇ ಪದವಿಪೂರ್ವ ಕಾಲೇಜಿನ ವಾಣಿಜ್ಯ ವಿಭಾಗ ಸೇರಿದಳು. ಅಂದು ಸಂಜೆ ಸಿಹಿಯನ್ನು ತಾನೇ ಮಾಡುವೆನೆಂದು ಹಟ ಹಿಡಿದು, ತಾಯಿಯ ಕಲಬುರಗಿ ಪದ್ಧತಿಗೂ ಅಜ್ಜಿಯ ಜೋನಿ ಬೆಲ್ಲಕ್ಕೂ ಗಂಟು ಹಾಕಲು ಹೋದಳು. ಹಾಲು ಆರುವವರೆಗೆ ಕಾಯದೆ ಬೆಲ್ಲ ಸುರಿದಳು, ಹಾಲು ಒಡೆಯಿತು. ಒಡೆದ ಹಾಲಿನ ಗಿಣ್ಣನ್ನು ಸೋಸಿ ಬ್ರೆಡ್ಡಿನ ನಡುವೆ ಹರಡಿ ಹೇಗೋ ಮರ್ಯಾದೆ ಉಳಿಸಿಕೊಂಡಳು. ಎಲ್ಲರೂ ತಿಂದೆವು. ನಮ್ಮ ಮನೆಯವರು ಬಟ್ಟಲನ್ನು ಕೆಳಗಿಟ್ಟು, ಬೆಲ್ಲ ಒಂದು ಚಮಚ ಮುಂದಾಯಿತು ಎಂದರು. ಮೊಮ್ಮಗಳು ಲೆಕ್ಕದ ಪುಸ್ತಕದ ಹಿಂಬದಿಯ ಪುಟ ತೆರೆದು ಅದನ್ನೂ ಬರೆದುಕೊಂಡಳು.